ಮಾವನ ಕಂಬಳಿಯೂ ಇಬ್ಬರು ಷಡ್ಡಕರೂ

ಷಡ್ಡಕರಿಬ್ಬರು ಒಂದೇ ಊರಿಗೆ ಹೊರಟರೆ ನಗೆಪಾಟಲು ತಪ್ಪಿದ್ದಲ್ಲ. ನಮ್ಮ ಕಡೆ ಒಮ್ಮೆಯೂ ತಪ್ಪಿಲ್ಲ. ನಾನು ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ನನ್ನ ಹೆಂಡತಿಯ ಅಕ್ಕನ ಗಂಡನಿಗೆ ಕುರುಗೋಡಿನಲ್ಲಿ ಕಿರಾಣಿ ಅಂಗಡಿ. ಎಪ್ಪತ್ತರ ದಶಕದ ಒಂದು ಯುಗಾದಿಗೆ ಇಬ್ಬರೂ ಶ್ರೀಶೈಲಕ್ಕೆ ನಡೆದು ಹೋಗುವುದೆಂದು ಗೊತ್ತಾಯಿತು. ಹೊರಡುವುದು ಸಿರುಗುಪ್ಪದ ಅತ್ತೆಯ ಮನೆಯಿಂದ. ಅತ್ತೆ ಹೇಳಿಕಳಿಸಿದರು: "ಈ ಸಲ ಯಾತ್ರಿಗೆ ನಿಮ್ಮ ಮಾವನ ಕಂಬಳಿ ಪೆಟ್ಟಿಗ್ಯಾಗಿಂದ ತಗದು ಕೊಡತೀನಿ."

ಮಾವನವರು ಆ ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡು ಎಷ್ಟೋ ಸಲ ಶ್ರೀಶೈಲ ನಡೆದವರು. ಹನಿ ನೀರು ಇಳಿಯದ ನೇಯ್ಗೆ. ಆದರೆ ಕಂಬಳಿ ಒಂದು, ಅಳಿಯಂದಿರು ಇಬ್ಬರು. ಅದು ನನಗೇ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಷಡ್ಡಕನಿಗೆ ಸಿಗಬಾರದಿತ್ತು. ಯಾರ ತಯಾರಿ ಜೋರೋ ಅವರಿಗೇ ಅತ್ತೆ ಕೊಡುತ್ತಾರೆಂದು ನಾನು ತೀರ್ಮಾನಿಸಿದೆ. ಅವನೂ ಹಾಗೇ ತೀರ್ಮಾನಿಸಿದ್ದನೆಂದು ಆಮೇಲೆ ತಿಳಿಯಿತು.

ಬೂಟು

"ಭಾವ ನಡಿಯಾಕಂತ ಹೊಸ ಬೂಟು ಹೊಲಿಸ್ಯಾರಂತ್ರಿ" ಎಂದಳು ಹೆಂಡತಿ. ಸಂಜೆಯೇ ಹೋಗಿ ಕ್ಯಾನ್ವಾಸ್ ಬೂಟು ತಂದೆ. ಕಾಲಿಗೆ ಪಳಗಲಿ ಎಂದು ಭಾನುವಾರ ಹಲಕುಂದಿ ಮಠದವರೆಗೆ ನಡೆದೆ. ಬರುವಾಗ ಎತ್ತಿನ ಗಾಡಿಯಲ್ಲಿ ಬಂದೆ. ಎರಡೂ ಹಿಮ್ಮಡಿಯಲ್ಲಿ ನಿಂಬೆಹಣ್ಣಿನಂಥ ಗುಳ್ಳೆ.

ಮರುದಿನ ಬರಿಗಾಲಲ್ಲಿ ಮಿಲ್ಲಿಗೆ ಹೋದೆ. ಕೇಳಿದವರಿಗೆಲ್ಲ, "ಶ್ರೀಶೈಲದ ಮಲ್ಲಯ್ಯನ ಹಂತ್ಯಾಕ ಹೋಗೋರಿಗೆ ಚಪ್ಪಲಿ ಯಾಕ್ರಿ?" ಎಂದೆ. ಒಬ್ಬಿಬ್ಬರು ಕೈ ಮುಗಿದರು. ಸುದ್ದಿ ಸಿರುಗುಪ್ಪಕ್ಕೂ ಮುಟ್ಟಿ ಅತ್ತೆ ಕಣ್ಣೊರೆಸಿಕೊಂಡರಂತೆ. ಕಂಬಳಿ ಅರ್ಧ ನನ್ನದಾಯಿತು ಎಂದುಕೊಂಡೆ.

ಅದೇ ವಾರ ಷಡ್ಡಕ ಅಂಗಡಿ ಸಾಮಾನಿಗೆಂದು ಬಳ್ಳಾರಿಗೆ ಬಂದ. ಅವನೂ ಬರಿಗಾಲು!

"ನೀನೂ ಹಿಂಗೇ ಏನು ತಮ್ಮಾ? ನಾನೂ ಮಲ್ಲಯ್ಯಗ ಹರಕಿ ಹೊತ್ತೀನಿ" ಎಂದು ಗಂಭೀರವಾಗಿ ಹೇಳಿ ತಿರುಗಿದ. ಹಿಮ್ಮಡಿಗೆ ಎಣ್ಣೆ ಬಟ್ಟೆ ಸುತ್ತಿತ್ತು. ನಮ್ಮಿಬ್ಬರ ಭಕ್ತಿಯೂ ಹಿಮ್ಮಡಿಯಲ್ಲೇ ಹುಟ್ಟಿತ್ತು.

ಬ್ಯಾಟ್ರಿ

ಕಾಡುದಾರಿಗೆ ಬೆಳಕು ಬೇಕಲ್ಲ. ಬ್ರೂಸ್‌ಪೇಟೆಯ ಸಾಹೇಬರ ಅಂಗಡಿಯಲ್ಲಿ ಎರಡು ಸೆಲ್ಲಿನ ಬ್ಯಾಟ್ರಿ ಕೊಂಡೆ. ಷಡ್ಡಕನ ಹತ್ತಿರ ಮೂರು ಸೆಲ್ಲಿನದಿದೆ ಎಂದು ಹೆಂಡತಿ ಸುದ್ದಿ ತಂದಳು. ಹೋಗಿ ಬದಲಾಯಿಸಿ ನಾಲ್ಕು ಸೆಲ್ಲಿನದು ತಂದೆ. ಹದಿನೈದು ದಿನ ಕಳೆಯುವುದರಲ್ಲಿ ಅವನ ಕೈಗೆ ಐದು ಸೆಲ್ಲಿನದು ಬಂದಿತ್ತು. ಒನಕೆಯಷ್ಟು ಉದ್ದವಂತೆ. ಮತ್ತೆ ಬ್ರೂಸ್‌ಪೇಟೆಗೆ ಓಡಿದೆ.

"ಸಾಹೇಬ್ರ, ಐದಕ್ಕಿಂತ ದೊಡ್ಡದು ಐತೇನ್ರಿ?"

"ಅದರ ಮ್ಯಾಲ ರೈಲ್ವೆ ಸಿಗ್ನಲ್ಲ ಒಂದೇ ನೋಡ್ರಿ" ಎಂದು ಸಾಹೇಬರು ನಕ್ಕರು. "ಕುರುಗೋಡಿನೋರು ಒಬ್ಬರು ಬರತಾರ. ನೀವು ತಗೊಂಡಿದ್ದಕ್ಕಿಂತ ದೊಡ್ಡದು ಕೊಡ್ರಿ ಅಂತಾರ. ಅವರು ಹೋಗಿಂದ ನೀವು ಬರತೀರಿ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಾಹೇಬರು ಬಲು ಪ್ರೀತಿಯಿಂದ ಚಹಾ ತರಿಸಿದರು.

"ನಾಚಿಕಿ ಯಾಕ್ರಿ? ನೀವಿಬ್ರೂ ಆರಾಮ್ ನಡಕೊಂತ ಹೋಗಿ ಬರ್ರಿ. ನಿಮ್ಮ ಪುಣ್ಯೇದಿಂದ ನಾ ಈ ವರ್ಷ ಅಜ್ಮೀರಕ್ಕ ರೈಲಿನಾಗ ಹೋಗತೀನಿ."

ಹೊರೆ

ಹೆಂಡತಿಯ ಅಕ್ಕ ಒಂದು ಬುಟ್ಟಿ ಕಟಕ ರೊಟ್ಟಿ ಬಡಿದಿದ್ದಾಳೆಂದು ತಿಳಿದು ನಾನು ಎರಡು ಬುಟ್ಟಿ ಮಾಡಿಸಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಚರಿಗೆ, ಹಗ್ಗ, ಕೊಡೆ ಎಲ್ಲ ಬೆನ್ನುಚೀಲಕ್ಕೆ ತುರುಕಿದೆ. ದಾರಿಯುದ್ದಕ್ಕೂ ಊರೂರಲ್ಲಿ ಭಕ್ತರು ಕರೆದು ಉಣ್ಣಿಸುತ್ತಾರೆಂದು ಹೆಂಡತಿ ಬಡಕೊಂಡಳು. ಷಡ್ಡಕನ ಚೀಲ ನನ್ನದಕ್ಕಿಂತ ದಪ್ಪ ಕಾಣಬಾರದು, ನನ್ನ ಚಿಂತೆ ಅದೊಂದೇ.

ಪಡಸಾಲೆಯಲ್ಲಿ ಕೂತು ಪಟ್ಟಿಗಳನ್ನು ಹೆಗಲಿಗೇರಿಸಿದೆ. ಏಳಲು ಹೋದೆ. ಆಗಲಿಲ್ಲ. ಬಲಕ್ಕೆ ಹೊರಳಿದೆ, ಎಡಕ್ಕೆ ಹೊರಳಿದೆ, ಕೊನೆಗೆ ಅಂಗಾತ ಬಿದ್ದು ಕೈಕಾಲು ಆಡಿಸತೊಡಗಿದೆ. ಮೊರ ಹಿಡಿದು ಹೊರಟಿದ್ದ ಹೆಂಡತಿ ನನ್ನನ್ನು ದಾಟಿಕೊಂಡು ಹೋಗುತ್ತಾ ಕೇಳಿದಳು:

"ಶ್ರೀಶೈಲ ಬಂತೇನ್ರಿ?"

ಕಂಬಳಿ

ಹೊರಡುವ ದಿನ ಹೆಂಡಂದಿರ ಜೊತೆ ಸಿರುಗುಪ್ಪದಲ್ಲಿ ಸೇರಿದೆವು. ಷಡ್ಡಕ ಅತ್ತೆಗೆ ನೀರು ಸೇದಿಕೊಟ್ಟ. ನಾನು ಕಟ್ಟಿಗೆ ಒಡೆದೆ. ಅವನು, "ಹಿರೇ ಅಳಿಯ ಅಂದ ಮ್ಯಾಲ ಜವಾಬ್ದಾರಿ ಇರತೈತಿ ತಮ್ಮಾ" ಎಂದು ಮಾತುಮಾತಿಗೆ ನೆನಪಿಸುತ್ತಿದ್ದ. ಎಲ್ಲಿ ವಯಸ್ಸಿನ ಮೇಲೆ ಹೊಡೆದುಕೊಂಡು ಹೋಗುತ್ತಾನೋ ಎಂದು ನಾನು ಬೇಯುತ್ತಿದ್ದೆ.

ಅತ್ತೆ ಕಂಬಳಿ ತಂದರು. ಇಬ್ಬರೂ ಒಟ್ಟಿಗೇ ಹೆಗಲು ಮುಂದೆ ಮಾಡಿದೆವು. ಅತ್ತೆ ನಮ್ಮನ್ನು ನೋಡಲೇ ಇಲ್ಲ. ಕಂಬಳಿಯನ್ನು ನೀಟಾಗಿ ಮಡಿಸಿ, ಮೇಲೊಂದು ಹಸಿರು ಸೀರೆ, ಕುಪ್ಪಸದ ಕಣ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಗಂಟು ಕಟ್ಟಿದರು.

"ಮಗಳಿಗೆ ಸೀರಿ, ಅಳಿಯಗ ಕಂಬಳಿ. ಜ್ವಾಕಿ ಮುಟ್ಟಸ್ರಿ."

"ಯಾವ ಮಗಳ್ರೀ ಅತ್ತೀ? ನಿಮ್ಮ ಇಬ್ಬರೂ ಮಕ್ಕಳು ಇಲ್ಲೇ ನಿಂತಾರಲ್ಲ" ಎಂದೆ.

"ಭ್ರಮರಾಂಬಿ ನಮ್ಮ ಸೀಮಿ ಮಗಳಲ್ಲೇನಪ? ಯುಗಾದಿಗೆ ತವರಿನೋರು ಬರಿಗೈಲೆ ಹೋಗತಾರೇನು? ಮಲ್ಲಯ್ಯ ನನ್ನ ಹಿರೇ ಅಳಿಯ. ಗುಡ್ಡದ ಮ್ಯಾಲ ಥಂಡಿ ಬಾಳ ಅಂತ."

ಷಡ್ಡಕನ ಮುಖ ಬಿಳುಪೇರಿತು. ಆದರೂ ಆಸೆ ಬಿಡದೆ ಕೇಳಿದ: "ದಾರ್ಯಾಗ ನಾವು ಹೊದ್ದಕೊಂಡ್ರ ನಡೀತೈತೇನ್ರಿ?"

"ಶಿವ ಶಿವಾ! ಅವರಿಗೆ ಕೊಡೋದನ್ನ ಮೈಲಿಗಿ ಮಾಡತೀರೇನು? ಗಂಟು ಬಿಚ್ಚಬ್ಯಾಡ್ರಿ. ರಾರಾವಿತನಕ ಒಬ್ಬರು ಹೊರ್ರಿ, ಅಲ್ಲಿಂದ ಇನ್ನೊಬ್ಬರು."

ಊರು ದಾಟಿದೆವು. ಗಂಟು ಷಡ್ಡಕನ ತಲೆಯ ಮೇಲಿತ್ತು, ಆದರೂ ನನಗೆ ಅವನ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚಾಗಲಿಲ್ಲ. ಕೊನೆಗೆ ಅವನು ನಿಂತ. ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ:

"ಅಲ್ಲೋ ತಮ್ಮಾ, ಇಷ್ಟು ವರ್ಷದಾಗ ಆ ಹಿರೇ ಅಳಿಯ ಒಂದು ಹಬ್ಬಕ್ಕರ ಅತ್ತಿ ಮನಿಗೆ ಬಂದಾನೇನು?"