ಎಮ್ಮೆಯ ಮುಂದೆ ಆತ್ಮಾವಲೋಕನ

ಜನರಿಗೆ ‘ಬದಲಾಗಿ’ ಎಂದು ಹೇಳುವುದೇ ನನ್ನ ಕೆಲಸ. ಇದರಲ್ಲಿ ಒಂದೇ ಅಪಾಯ. ಆಗೊಮ್ಮೆ ಈಗೊಮ್ಮೆ ಯಾರೋ ಒಬ್ಬರು ಖರೇನೇ ಬದಲಾಗಿಬಿಡುತ್ತಾರೆ. ಆಮೇಲೆ ಅವರ ಮನೆಯವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಮಸ್ಕತ್ತಿನಲ್ಲಿ ಹೋಟೆಲಿನವರಿಗೆ ನಗುವುದನ್ನು ಕಲಿಸಿದ್ದೇನೆ. ನೈರೋಬಿಯಲ್ಲಿ ಮ್ಯಾನೇಜರುಗಳಿಗೆ ಸಿಟ್ಟು ನುಂಗುವುದನ್ನು ಕಲಿಸಿದ್ದೇನೆ. ಗುವಾಹಟಿಯಲ್ಲಿ ಏನು ಕಲಿಸಿದೆ ಅಂತ ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಈಗ ಕೆಲವು ವರ್ಷಗಳಿಂದ ಕಾಗವಾಡ ತಾಲೂಕಿನ ಜುಗೂಳದಲ್ಲಿ, ಅಣ್ಣನ ಮನೆಯಲ್ಲಿ ಠಿಕಾಣಿ. ಬ್ಯಾಗು ಮಾತ್ರ ಇನ್ನೂ ಪೂರ್ತಿ ಬಿಚ್ಚಿಲ್ಲ. ಸುತ್ತಲಿನ ತಾಲೂಕುಗಳಲ್ಲಿ ಅಡ್ಡಾಡಿ ಸೊಸೈಟಿಯವರಿಗೆ, ಮಾಸ್ತರರಿಗೆ, ಮಹಿಳಾ ಸಂಘದವರಿಗೆ ವ್ಯಕ್ತಿತ್ವ ವಿಕಸನದ ಶಿಬಿರ ಮಾಡುತ್ತೇನೆ. ಸಂಜೆ ಮನೆಗೆ ಬಂದರೆ ವೈನಿ, ಅಂದರೆ ಅಣ್ಣನ ಹೆಂಡತಿ, ಬಿಸಿ ರೊಟ್ಟಿ ಬಡಿಯುತ್ತಿರುತ್ತಾರೆ. ನನ್ನ ವ್ಯಕ್ತಿತ್ವದ ವಿಕಸನಕ್ಕೆ ಅದೇ ಆಧಾರ.

ಈ ವೈನಿಗೆ ಇದ್ದದ್ದು ಒಂದೇ ಆಸೆ. ಬರ್ಫ ನೋಡಬೇಕು, ಬೆಟ್ಟದ ಮೇಲಿನ ಹಿಮ. ಟಿವಿಯಲ್ಲಲ್ಲ, ಅಂಗೈಯಲ್ಲಿ ಹಿಡಿದು. ಅವರ ಸಂಘದ ಹೆಣ್ಣುಮಕ್ಕಳು ಮನಾಲಿಗೆ ಹೊರಡುವ ತಯಾರಿಯಲ್ಲಿದ್ದರು. ವೈನಿ ಆ ಮಾತು ತೆಗೆದಾಗಲೆಲ್ಲ ಅಣ್ಣ ಕೇಳುತ್ತಿದ್ದ, “ಎಮ್ಮಿ ಯಾರ ಹಿಂಡ್ತಾರ?”

ಅದೂ ಸುಳ್ಳಲ್ಲ. ನಮ್ಮ ಎಮ್ಮೆ ವೈನಿಯನ್ನು ಬಿಟ್ಟು ಇನ್ನೊಬ್ಬರ ಕೈಗೆ ಹಾಲು ಬಿಡುವುದಿಲ್ಲ. ಒಮ್ಮೆ ಅಣ್ಣ ಫ್ರಿಜ್ಜಿನ ಮೇಲಿನ ಖಾನೆಯಿಂದ ಬರ್ಫ ಕೆರೆದು ವೈನಿಯ ಅಂಗೈಗೆ ಹಾಕಿ, “ಇದ ನೋಡ ನಿನ್ನ ಮನಾಲಿ” ಅಂದ. ವೈನಿ ಅದನ್ನು ಒಂದು ಕ್ಷಣ ನೋಡಿ, ಶಾಂತವಾಗಿ ಅವನ ಅಂಗಿಯ ಕಾಲರಿನೊಳಗೆ ಇಳಿಬಿಟ್ಟರು.

“ತಗೋರಿ. ನೀವೂ ಹೋಗಿ ಬಂದಂಗಾತು.”

ನಿಪ್ಪಾಣಿಯ ಕನ್ನಡಿ

ನಿಪ್ಪಾಣಿಯಲ್ಲಿ ಒಂದು ಪತ್ತಿನ ಸೊಸೈಟಿಯ ನೌಕರರಿಗೆ ಹೇಳಿದ್ದೆ. ದಿನಾ ಮುಂಜಾನೆ ಕನ್ನಡಿಯ ಮುಂದೆ ನಿಲ್ಲಿ, ನಿಮ್ಮ ಕಣ್ಣು ನೀವೇ ನೋಡುತ್ತ ನಿಮ್ಮದೊಂದು ತಪ್ಪು ಬಾಯಿಬಿಟ್ಟು ಹೇಳಿಕೊಳ್ಳಿ.

ಮುಂದಿನ ವಾರ ಹೋದಾಗ ಮ್ಯಾನೇಜರರು ಬಾಡಿದ ಮುಖದಲ್ಲಿ ಕೂತಿದ್ದರು. “ಮಾಡಿದಿರೇನ್ರಿ ಸಾಹೇಬ್ರ?” ಅಂದೆ.

“ಅಹೋ ಮೇಡಂ, ದಿನಾ ನಿಂತೇನ್ರಿ. ಆದ್ರ ನಮ್ಮ ಮನಿಯಾಕಿ ಹಿಂದ ಬಂದು ನಿಂದ್ರತಾಳ. ವಾರ ಆತು, ನನ್ನ ಪಾಳಿನ ಬಂದಿಲ್ರಿ.”

ಚಿಕ್ಕೋಡಿಯ ಮಹಾತ್ಮರು

ಚಿಕ್ಕೋಡಿಯಲ್ಲಿ ಇನ್ನೊಂದು ಸೊಸೈಟಿಯ ಸಂಚಾಲಕರಿಗೆ ಶಿಬಿರ. ಏನೋ ಕೆಲಸವಿದೆಯೆಂದು ನನ್ನ ಕಾರಿನಲ್ಲಿ ಬಂದ ಅಣ್ಣನೂ ಪಂಖಾದ ಕೆಳಗೆ ಜಾಗ ನೋಡಿ ಕೂತುಬಿಟ್ಟ.

“ನಿಮ್ಮಲ್ಲಿರುವ ಒಂದು ದೋಷ ಹೇಳಿ” ಅಂದೆ. ಮೊದಲನೆಯವರು ಎದ್ದು, “ನಾ ಎಲ್ಲಾರ್ನೂ ನಂಬತೇನ್ರಿ” ಅಂದರು. ಬಾಜೂದವರು, “ಮಂದಿ ತ್ರಾಸು ನನಗ ನೋಡಾಕ ಆಗೂದಿಲ್ರಿ” ಅಂದರು. ಇನ್ನೊಬ್ಬರು, “ನಾ ಬರೇ ಖರೇನ ಮಾತಾಡತೇನಿ, ಅದ ನನ್ನ ಹಾಳ ಮಾಡೇತ್ರಿ” ಅಂತ ಕಣ್ಣು ಒರೆಸಿಕೊಂಡರು. ಅಣ್ಣನ ಪಾಳಿ ಬಂತು.

“ನನಗ ಸಿಟ್ಟ ಬರೂದಿಲ್ರಿ. ಎಷ್ಟ ಪ್ರಯತ್ನ ಮಾಡಿದ್ರೂ ಬರೂದಿಲ್ಲ.”

ಉಪ್ಪಿಟ್ಟಿನಲ್ಲಿ ಶೇಂಗಾ ಕಡಿಮೆಯಾಯಿತೆಂದು ಹಿಂದಿನ ದಿನವಷ್ಟೇ ತಾಟು ಸರಿಸಿ ಎದ್ದು ಹೋದ ಮನುಷ್ಯ ಈತ. ಒಂದೇ ಸಭೆಯಲ್ಲಿ ಇಷ್ಟು ಮಹಾತ್ಮರನ್ನು ನಾನು ಯಾವ ದೇಶದಲ್ಲೂ ಕಂಡಿರಲಿಲ್ಲ. ಉಪಾಯ ಬದಲಿಸಿ, “ಸರಿ, ಈಗ ಬಾಜೂ ಕೂತವರ ದೋಷ ಹೇಳಿ” ಅಂದೆ. ಸಭೆಗೆ ಜೀವ ಬಂತು. ಊಟದ ಹೊತ್ತು ಮೀರಿತು. ಅಡುಗೆಯವರು ಬಂದು, “ಅನ್ನ ಆರಾಕತ್ತೇತ್ರಿ, ಏಳ್ರಿ” ಅಂದರು.

ಅಧ್ಯಕ್ಷರು ಅವರನ್ನು ಕೈಯಿಂದ ತಡೆದರು. “ನಿಂದ್ರೋ ಮಾರಾಯಾ. ಈಗಷ್ಟ ಬಲಗಡೀದಾವ್ರದು ಮುಗಿಸೇನಿ. ಎಡಗಡೀದಾವ್ರು ಇನ್ನೂ ಹಂಗ ಅದಾರ.”

ಡೇರಿಯ ಹಲಗೆ

ನಮ್ಮೂರ ಹಾಲಿನ ಡೇರಿಯ ಮುಂದೆ ಒಂದು ಕರಿ ಹಲಗೆ. ದಿನಾ ಅದರ ಮೇಲೆ ಒಂದು ಸುವಿಚಾರ ಬರೆಯುವ ಪದ್ಧತಿ. ಸೆಕ್ರೆಟರಿ ನನ್ನನ್ನು ಕರೆದು, “ಜಗತ್ತ ಸುತ್ತಿದಾವ್ರು ನೀವು, ಒಂದ ಚಲೋ ವಿಚಾರ ಬರೀರಿ” ಅಂದರು. ‘ಮನೆಯಲ್ಲಿ ಮಾತಾಡುವಾಗ ದನಿ ತಗ್ಗಿರಲಿ’ ಅಂತ ಬರೆದೆ. ಪಾಪದ ಮಾತು, ಯಾರಿಗೂ ನಾಟುವಂಥದ್ದಲ್ಲ ಅಂತ ನನ್ನ ಎಣಿಕೆ.

ಮಧ್ಯಾಹ್ನದೊಳಗೆ ಮೊದಲ ಮನೆಯವರು ಬಂದರು. “ನಿನ್ನಿ ನಮ್ಮ ಮನ್ಯಾಗ ಆದದ್ದು ನಿಮಗ ಯಾರ ಹೇಳಿದ್ರು?” ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಎರಡನೆಯ ಮನೆ. ಸಂಜೆಯ ಹೊತ್ತಿಗೆ ಅರ್ಧ ಓಣಿ ನಮ್ಮ ಕಟ್ಟೆಯ ಮೇಲಿತ್ತು. ಎಲ್ಲರ ದನಿಯೂ ಏರಿತ್ತು.

ಮರುದಿನ ಸೆಕ್ರೆಟರಿಯೇ ಬಳಪ ಹಿಡಿದು, ‘ಹಾಲಿಗೆ ನೀರು ಬೆರೆಸಬೇಡಿ’ ಅಂತ ದೊಡ್ಡದಾಗಿ ಬರೆದರು. ಅದನ್ನು ಓದಿ ಒಬ್ಬರೂ ಸಿಟ್ಟಾಗಲಿಲ್ಲ. ಎಲ್ಲರೂ ತಲೆದೂಗಿ, ಬಾಜೂದವರ ಕ್ಯಾನಿನ ಕಡೆ ನೋಡಿದರು.

ರಾಯಬಾಗದಲ್ಲಿ ‘ಒಲ್ಲೆ’

ರಾಯಬಾಗದ ಮಹಿಳಾ ಶಿಬಿರಕ್ಕೆ ವೈನಿಯೂ ನನ್ನ ಜೋಡಿ ಬಂದರು. ವಿಷಯ: ‘ಇಲ್ಲ ಎನ್ನುವುದನ್ನು ಕಲಿಯಿರಿ.’ ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಚಹಾ ಕೊಡಬೇಕು, ಇನ್ನೊಬ್ಬರು ‘ಒಲ್ಲೆ’ ಅನ್ನಬೇಕು. ಎಲ್ಲರೂ ಎರಡು ಸಲ ಚೆಂದಾಗಿ ‘ಒಲ್ಲೆ’ ಅಂದರು. ಮೂರನೆಯ ಸಲಕ್ಕೆ ಇಡೀ ಸಭೆ ಸೊರ್‍ರ್ ಅಂತ ಚಹಾ ಕುಡಿಯಿತು.

“ಎರಡ ಸಲ ಒಲ್ಲೆ ಅನ್ನೂದು ರೀತಿರಿ” ಅಂತ ಮುಂದಿನ ಸಾಲಿನ ಅಜ್ಜಿಯೊಬ್ಬರು ನನಗೆ ತಿಳಿಸಿ ಹೇಳಿದರು. “ಮೂರನೇ ಸಲಾನೂ ಒಲ್ಲೆ ಅಂದ್ರ ಆ ಮನಿ ಮ್ಯಾಲ ಸಿಟ್ಟ ಐತಿ ಅಂತ.”

ವೈನಿ ಇದನ್ನೆಲ್ಲ ಕೇಳುತ್ತ ಕೂತಿದ್ದರು. ಸಂಜೆ ಮನೆಗೆ ಬಂದೆವು. ಅಣ್ಣ ಪಡಸಾಲೆಯಿಂದ ಕೂಗಿದ, “ಏ, ಚಹಾ ಇಡ.”

“ಒಲ್ಲೆ.”

“ಏ, ಚಹಾ ಅಂದ್ನಿ.”

“ಒಲ್ಲೆ.”

ಅಣ್ಣ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು, ಒಳಗೆ ಬೇರೆ ಯಾರಾದರೂ ಇದ್ದಾರೇನೋ ಅಂತ ಇಣುಕಿದ. “ಇಡೂದಿಲ್ಲಂತೀ?”

“ಒಲ್ಲೆ” ಅಂದರು ವೈನಿ. ಮೂರನೆಯದು.

ನನಗೆ ಭಾರೀ ಖುಷಿ. ಒಬ್ಬರಾದರೂ ಕಲಿತರಲ್ಲ. ಆ ಖುಷಿ ಮರುದಿನ ಬೆಳಿಗ್ಗೆಯವರೆಗೆ ಇತ್ತು. ಹೊರಡುವಾಗ, “ವೈನಿ, ನನ್ನ ಡಬ್ಬಿ?” ಅಂದೆ.

“ಒಲ್ಲೆ ತಂಗಿ. ದೂರದವರಿಗಿ ಒಲ್ಲೆ ಅನ್ನೂದು ಹಗೂರ, ಹತ್ತಿರದವರಿಗಿ ಅಂದು ರೂಢಿ ಮಾಡ್ಕೋರಿ ಅಂತ ನೀವ ಹೇಳಿದ್ರಿ.”

ಆ ದಿನ ಬಸ್‌ಸ್ಟ್ಯಾಂಡಿನ ವಡಾಪಾವ್ ತಿನ್ನುತ್ತ, ನನ್ನ ಪಾಠದಲ್ಲಿ ಎಲ್ಲಿ ತಿದ್ದುಪಡಿ ಬೇಕೆಂದು ಗಂಭೀರವಾಗಿ ವಿಚಾರ ಮಾಡಿದೆ. ತಿರುಗಿ ಬರುವಷ್ಟರಲ್ಲಿ ಮನೆಯಲ್ಲಿ ದೊಡ್ಡ ಸುದ್ದಿ ಆಗಿಹೋಗಿತ್ತು.

“ನಾ ಮನಾಲಿಗಿ ಹೋಗಾಕಿ” ಅಂದಿದ್ದರು ವೈನಿ.

“ಮತ್ತ ಎಮ್ಮಿ?”

“ಕೇಳೇನಿ. ಅದಕ್ಕ ಬರ್ಫ ಬ್ಯಾಡಂತ.”

ಅಥಣಿಯ ಕುರ್ಚಿ

ಅಥಣಿ ಕಡೆಯ ಒಂದು ಶಾಲೆ. ಹೆಡ್‌ಮಾಸ್ತರರಿಗೂ ಕ್ಲರ್ಕಿಗೂ ಬಗೆಹರಿಯದ ಜಗಳ. “ಒಂದು ದಿನ ಅವರ ಜಾಗದಲ್ಲಿ ನೀವು ಕೂತು ನೋಡಿ, ನಿಮ್ಮ ಜಾಗದಲ್ಲಿ ಅವರು ಕೂರಲಿ. ಮನಸ್ಸು ಮೆತ್ತಗಾಗುತ್ತದೆ” ಅಂದೆ. ಇಬ್ಬರೂ ಒಪ್ಪಿದರು.

ಮರುದಿನ ಹೆಡ್‌ಮಾಸ್ತರರ ಫೋನು. “ಮೇಡಂ, ನನ್ನ ಮನಸ್ಸು ಮೆತ್ತಗಾಗೇತ್ರಿ. ಆದ್ರ ಅವ ನನ್ನ ಕುರ್ಚಿ ಬಿಟ್ಟು ಏಳವಲ್ಲ.”

ಇದನ್ನು ಮನೆಯಲ್ಲಿ ಹೇಳಿದಾಗ ವೈನಿ ನಕ್ಕರು. ಅಣ್ಣ ನಗಲಿಲ್ಲ. ಅವನು ಎಮ್ಮೆಯನ್ನೇ ನೋಡುತ್ತ ಕೂತಿದ್ದ.

ಜುಗೂಳದ ಎಮ್ಮೆ

ಹೊರಡುವ ದಿನ ವೈನಿ ಮುಂಜಾನೆ ತಾವೇ ಹಿಂಡಿ, ಎಮ್ಮೆಯ ಮೈದಡವಿ, ನನ್ನ ಹಳೆಯ ಕೋಟು ಬ್ಯಾಗಿಗೆ ತುರುಕಿಕೊಂಡು ಕಾಗವಾಡಕ್ಕೆ ಬಂದರು. ಅಲ್ಲಿಂದ ಮೀರಜ, ಮುಂದೆ ರೈಲು. ಗಾಡಿ ಹತ್ತುವಾಗ ಅಣ್ಣನಿಗೆ ಒಂದೇ ಮಾತು ಹೇಳಿದರು.

“ನಾಳಿ ಮುಂಜಾನಿತನಾ ಅದು ಹಾಲ ಬಿಡಲಿಲ್ಲಂದ್ರ ನಾ ಭೋಪಾಳದಾಗ ಇಳದು ಹೊಳ್ಳಿ ಬರ್ತೇನಿ. ಅದರ ಕೆಚ್ಚಲ ಬಾತು ಅದು ಒದ್ದಾಡೂದು ನನಗ ಬ್ಯಾಡ.”

ಅಂದು ಸಂಜೆ ಅಣ್ಣ ಬಕೀಟು ಹಿಡಿದು ಕೂತ. ಎಮ್ಮೆ ಬಕೀಟನ್ನು ಮೇವಿನ ಗ್ವಾದಲಿಯ ತನಕ ಒದೆಯಿತು. ನಾನು ಕೂತೆ. ವೀಸಾ ಆಫೀಸಿನ ಕಿಟಕಿಯ ಹಿಂದೆ ಕೂತವರು ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿತು. ಬೆಲ್ಲ ಕೊಟ್ಟೆವು, ಹಿಂಡಿ ಕಲಸಿ ಇಟ್ಟೆವು. ಎರಡನ್ನೂ ತಿಂದಿತು, ಹಾಲು ಬಿಡಲಿಲ್ಲ.

ಬೆಳಗಾಗುವಷ್ಟರಲ್ಲಿ ಕೆಚ್ಚಲು ಕಲ್ಲಿನಂತೆ ಬಿಗಿದಿತ್ತು. ವೈನಿಯ ಫೋನು ಬಂತು. “ಬಿಟ್ಟಿತೇನ್ರಿ?”

ಅಣ್ಣನಿಗೆ ಇದು ಸುಲಭದ ಹೊತ್ತು. ‘ಇಲ್ಲ’ ಅಂದರೆ ಸಾಕು, ನಾಡಿದ್ದು ಬಿಸಿ ರೊಟ್ಟಿ, ಕೂತಲ್ಲಿಗೆ ಚಹಾ. ಖರೇ ಹೇಳಬೇಕೆಂದರೆ ನನ್ನ ಡಬ್ಬಿಯೂ ನನ್ನ ಕಣ್ಣ ಮುಂದೆ ಬಂದು ಹೋಯಿತು.

“ಹಿಂಡಾಕ ಕುಂದ್ರಾಕತ್ತೇನಿ” ಅಂದ ಅಣ್ಣ. “ಇಳೀಬ್ಯಾಡ. ಹೇಳ್ತೇನಿ ನಿಂದ್ರ.”

ಫೋನಿಟ್ಟು ನನ್ನ ಕಡೆ ತಿರುಗಿದ. “ಆಕಿ ಉಟ್ಟ ಬಿಟ್ಟ ಸೀರಿ ಎಲ್ಲೈತಿ?”

“ಯಾಕ?”

“ನಿಮ್ಮ ಅಥಣಿ ಮಾಸ್ತರ ಕ್ಲರ್ಕನ ಕುರ್ಚಿಗಿ ಕುಂತಿದ್ನಲ್ಲ.”

ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡ. ನೆರಿಗೆ ನಾನು ಹಿಡಿದೆ. ಕೊರಳಲ್ಲಿ ರುದ್ರಾಕ್ಷಿ, ಮೂಗಿನ ಕೆಳಗೆ ಪೊದೆ ಮೀಸೆ, ತಲೆಯ ಮೇಲೆ ಹಸಿರು ಸೆರಗು. ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನೊಳಗೆ ಅಣ್ಣ ತಲೆ ತಗ್ಗಿಸಿ ನಡೆದ. ಎಮ್ಮೆ ಸೆರಗು ಮೂಸಿತು, ಒದೆಯುವುದನ್ನು ನಿಲ್ಲಿಸಿತು. ಆದರೂ ಹಾಲಿಲ್ಲ. ಕಿವಿ ನಿಮಿರಿಸಿ, ಏನನ್ನೋ ಕಾಯುತ್ತ ನಿಂತಿತು.

ನಾನು ವೈನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದೆ. “ವೈನಿ, ಹಿಂಡೂ ಮುಂದ ಅದರ ಕೂಡ ಏನರ ಮಾತಾಡ್ತೀರೇನು?”

ಆ ಕಡೆ ರೈಲಿನ ಸದ್ದು. “ಮಾತಾಡ್ತೇನಿ.”

“ಏನಂತ?”

ಇನ್ನಷ್ಟು ರೈಲಿನ ಸದ್ದು.

“ನಿಮ್ಮಣ್ಣನ್ನ ಬೈತೇನಿ.”

ಎಮ್ಮೆಯ ಕೆಳಗಿನಿಂದ ಹಸಿರು ಸೆರಗು ಮೆಲ್ಲಗೆ ನನ್ನ ಕಡೆ ತಿರುಗಿತು. ನಾನು ಫೋನು ಇಟ್ಟೆ. ಅಣ್ಣ ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ನನ್ನ ಗಂಡ ಬಾಳ ಚಲೋ ಮನಶ್ಯಾ...”

ಎಮ್ಮೆ ಹಿಂಗಾಲು ಎತ್ತಿತು.

“ಅಣ್ಣಾ, ಇದೇನು ಚಿಕ್ಕೋಡಿ ಅಲ್ಲ” ಅಂದೆ.

“ನೀ ಆಚಿ ನಡಿ ಮೊದಲ.”

ಆಚೆ ಹೋಗಿ ಪತ್ರಾಸಿನ ಗೋಡೆಗೆ ಒರಗಿ ನಿಂತೆ. ಪತ್ರಾಸಿನ ಗೋಡೆ ಎಷ್ಟು ಗುಟ್ಟು ಕಾಯುತ್ತದೆ ಅನ್ನುವುದು ನಿಮಗೂ ಗೊತ್ತು. ಆಮೇಲೆ ಅಣ್ಣನ ದನಿ.

“ಶೇಂಗಾ ಕಡಿಮಿ ಆದ್ವು ಅಂತ ತಾಟ ಸರಿಸೇನಿ.” ಬಕೀಟಿನ ತಳಕ್ಕೆ ಒಂದು ಸಣ್ಣ ಧಾರೆ ಬಿದ್ದ ಸದ್ದು.

“ಸದಲಗಾದಿಂದ ಆಕಿ ತವರಮನಿಯವ್ರು ಕಳಿಸಿದ ಪೇಢೆ ಆಕಿಗಿ ಹೇಳದ ನಾನ ತಿಂದೇನಿ. ಖಾಲಿ ಡಬ್ಬಿ ತಂಗಿ ರೂಮಿನಾಗ ಇಟ್ಟೇನಿ.” ಧಾರೆ ಜೋರಾಯಿತು. ಹಿಂದೊಮ್ಮೆ ವೈನಿ ನನ್ನ ಜೋಡಿ ಒಂದು ವಾರ ಬಿಗಿಯಾಗಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಅಣ್ಣ ದನಿ ಇಳಿಸಿ ಹೇಳಿದ, “ಬರ್ಫ ನೋಡಬೇಕಂತ ಆಕಿ ಲಗ್ನಾದ ವರ್ಷನ ಅಂದಿದ್ಲು. ಆವಾಗ ನೀ ಇನ್ನ ಹುಟ್ಟಿದ್ದಿಲ್ಲ.”

ಬಕೀಟಿನಲ್ಲಿ ನೊರೆಯೇಳುವ ಸದ್ದು ಗೋಡೆಯಾಚೆಗೂ ಕೇಳಿತು. ನಾನು ಗೋಡೆ ಬಿಟ್ಟು ಸರಿದೆ. ಅಣ್ಣ ಒಳಗೆ ಇನ್ನೂ ಬಹಳ ಹೊತ್ತು ಮಾತಾಡುತ್ತಲೇ ಇದ್ದ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದು ತಾನೇ ಫೋನು ಹಚ್ಚಿದ. “ಬಿಟ್ಟೈತಿ. ನೀ ಮುಂದ ಹೋಗ.”

ವೈನಿ ಹೋಗಿ, ನೋಡಿ, ಒಡೆದ ತುಟಿ ಹೊತ್ತುಕೊಂಡು ತಿರುಗಿ ಬಂದರು. ಬರ್ಫ ಹೆಂಗಿತ್ತು ಅಂದರೆ, “ತಣ್ಣಗಿತ್ತು” ಅಂದು, ಆಮೇಲೆ ಎರಡು ದಿನ ಅದೊಂದನ್ನೇ ಮಾತಾಡಿದರು.

ಅಷ್ಟರಲ್ಲಿ ಇನ್ನೊಂದು ಗೊಂದಲ. ಡೇರಿಯ ಸೆಕ್ರೆಟರಿ ಕೇಳಿದರು, “ಏನ್ರಿ ವೈನಿ, ನೀವ ಬಂದಮ್ಯಾಲ ಹಾಲ ಕಡಿಮಿ ಆಗೈತಲ್ಲ?” ವೈನಿಗೆ ತಲೆಬುಡ ತಿಳಿಯಲಿಲ್ಲ. ಅದೇ ಕೈ, ಅದೇ ಸೀರೆ, ಅದೇ ಬೈಗುಳ. ಎಮ್ಮೆ ಮಾತ್ರ ಹಳೆಯ ಸುದ್ದಿ ಕೇಳಿದವರಂತೆ ಬೇರೆ ಕಡೆ ನೋಡುತ್ತ ನಿಲ್ಲುತ್ತಿತ್ತು.

ಅಣ್ಣ ತನ್ನ ತಪ್ಪು ಹೇಳಿಕೊಳ್ಳುತ್ತ ಹಿಂಡಿದ್ದನ್ನು ನಾನು ಬಾಯಿಬಿಟ್ಟೆ. ಮರುದಿನ ಅಣ್ಣ ತಿಂಡಿಗೆ ಕೂತಾಗ ವೈನಿ ಎದುರಿಗೆ ಬಂದು ನಿಂತರು.

“ಖರೇ ಹೇಳ್ರಿ. ನನಗ ಗೊತ್ತಿಲ್ಲದ್ದು ಏನೇನ ಹೇಳೀರಿ ಅದಕ್ಕ?”

ಅಣ್ಣ ಒಂದು ತುತ್ತು ಬಾಯಿಗಿಟ್ಟ. ತಾಟಿನಲ್ಲಿ ಉಪ್ಪಿಟ್ಟಿತ್ತು. ಅದರಲ್ಲಿ ಶೇಂಗಾ ಒಂದೂ ಇರಲಿಲ್ಲ.

“ಉಪ್ಪಿಟ್ಟ ಬಾಳ ಚಲೋ ಆಗೈತಿ” ಅಂದ.