ಹುಥ್ ಅಂದರೆ ಆರು

ಖುಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಯಲ್ಲೇ ಕೂತಿದ್ದರೆ ಯಜ್ಞನಾರಾಯಣರ ಲೇಖನ ಅಚ್ಚಾಗುತ್ತಿತ್ತು.

ಮಲೇಷ್ಯಾದ ನಿಲಾಯ್‌ನಲ್ಲಿ ಅನಾಟಮಿ ಪಾಠ ಹೇಳುವ ಅವರಿಗೆ ಎಟ್ರಸ್ಕನ್ ಅಂಕಿಗಳ ಹುಚ್ಚು. ಇಟಲಿಯ ಆ ಪ್ರಾಚೀನ ಜನ ಎರಡು ದಾಳಗಳ ಮೇಲೆ ಚುಕ್ಕಿಯ ಬದಲು ಪದ ಕೆತ್ತಿದ್ದರು. ಗೋರಿಗಳ ಮೇಲಿನ ಬರಹ ಜಾಲಾಡಿ ಪಂಡಿತರು ನಾಲ್ಕು ಪದಗಳನ್ನು ಬಿಡಿಸಿದ್ದರು. ಉಳಿದ ‘ಹುಥ್’ ಮತ್ತು ‘ಸ’ಗಳಲ್ಲಿ ಯಾವುದು ನಾಲ್ಕು, ಯಾವುದು ಆರು ಎಂಬುದೇ ಜಗಳ. ಅಲ್ಲಿನ ಚೀನೀಯರಿಗೆ ನಾಲ್ಕು ಅಪಶಕುನವೆಂದು ಲಿಫ್ಟಿನಲ್ಲಿ ಮೂರಾದ ಮೇಲೆ ‘3ಎ’ ಬರುವ ಕಟ್ಟಡದಲ್ಲಿ ಕೂತು, ಹುಥ್ ಆರೇ ಎಂದು ಸಾಧಿಸಲು ಅವರಿಗೆ ಹನ್ನೊಂದು ವರ್ಷ ಹಿಡಿಯಿತು. ಶನಿವಾರ ಬೆಳಿಗ್ಗೆ ಇಟಲಿಯ ಪತ್ರಿಕೆಯೊಂದು ಲೇಖನವನ್ನು ಒಪ್ಪಿ, ಸಂಜೆಯೊಳಗೆ ಕೊನೆಯ ಸಮ್ಮತಿ ಕೇಳಿತು.

ಅವರು ತಡೆಯಲಾರದೆ ಕೆಳಗಿನ ಮನೆಯ ಕೀರ್ತಿರಾಜ್‌ಗೆ ಹೇಳಲು ಹೋದರು. ಸೈಬರ್‌ಜಯಾದಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಕೀರ್ತಿರಾಜ್‌ನ ಕೆಲಸ. ರಜೆಯ ದಿನವೂ ಅವನು ಅದನ್ನು ಬಿಡುತ್ತಿರಲಿಲ್ಲ. ಪುರಾವೆ ಏನು ಎಂದು ಕೇಳಿದ.

“ದಾಳದ ಎದುರುಬದುರು ಮುಖ ಕೂಡಿದ್ರೆ ಏಳು ಮಾರಾಯ್ರೆ. ಒಂದರ ಎದುರು ಹುಥ್ ಉಂಟು, ಹಾಗಾಗಿ ಅದು ಆರೇ. ಲೋಕದಲ್ಲಿ ಯಾರೂ ಬೇರೆ ಥರ ಮಾಡುದಿಲ್ಲ,” ಎಂದರು ಯಜ್ಞನಾರಾಯಣರು.

ಕೀರ್ತಿರಾಜ್ ಮಕ್ಕಳ ಹಾವು ಏಣಿ ಡಬ್ಬಿಯಿಂದ ಕೆಂಪು ಚುಕ್ಕಿಯ ದಾಳವೊಂದನ್ನು ತೆಗೆದು ತಿರುಗಿಸಿದ. ಒಂದರ ಹಿಂದೆ ಎರಡು, ಮೂರರ ಹಿಂದೆ ನಾಲ್ಕು. ಡಬ್ಬಿಯಲ್ಲಿದ್ದ ಇನ್ನೊಂದೂ ಹಾಗೆಯೇ ಇತ್ತು.

“ಏಳು ಬರ್ತಿಲ್ವಲ್ಲ ಸರ್,” ಎಂದ.

ಯಜ್ಞನಾರಾಯಣರು ಎರಡೂ ದಾಳಗಳ ಚುಕ್ಕಿಗಳನ್ನು ಎರಡೆರಡು ಸಲ ಎಣಿಸಿದರು. ವಿರುದ್ಧ ಸಾಕ್ಷಿ ಒಂದು ಸಿಕ್ಕರೂ ವಾದ ಬಿಡಬೇಕೆಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತಿದ್ದವರು ಅವರು. ಇಲ್ಲಿ ಎರಡು ಸಿಕ್ಕಿದ್ದವು. ಸೋಫಾದಲ್ಲೇ ಕೂತು ಫೋನಿನಲ್ಲಿ ಪತ್ರಿಕೆಗೆ ಬರೆದರು: ‘ನನ್ನ ವಾದಕ್ಕೆ ವಿರುದ್ಧವಾದ ಎರಡು ದಾಳಗಳು ಇಂದು ಬೆಳಕಿಗೆ ಬಂದಿವೆ. ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆ.’ ಕಳಿಸಿದ ಮೇಲೆ ಅವರಿಗೆ ಅಳುವೇ ಬಂತು.

ಅಷ್ಟರಲ್ಲಿ ಕೀರ್ತಿರಾಜ್‌ನ ಹೆಂಡತಿ ಚಂಪಾ ಬೀದಿಯ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಚಹಾ ಕಟ್ಟಿಸಿಕೊಂಡು ಬಂದಳು. ದಾಳ ಕಂಡು ನಾಚಿಕೊಂಡಳು.

“ಅಯ್ಯೋ, ಅದನ್ಯಾಕೆ ತೆಗೆದ್ರಿ? ಚುಕ್ಕಿ ಎಲ್ಲಾ ಅಳಿಸಿಹೋಗಿತ್ತು ಸರ್. ನಾನೇ ನೇಲ್ ಪಾಲಿಶ್ ಹಚ್ಚಿದೆ. ಒಂದು ಬರೆದು ಮಗುಚಿ ಎರಡು, ಮೂರು ಬರೆದು ಮಗುಚಿ ನಾಲ್ಕು. ದೋಸೆ ಥರ.”

ಯಜ್ಞನಾರಾಯಣರು ಫೋನ್ ಎತ್ತಿಕೊಂಡರು. ಸಂಪಾದಕರ ಉತ್ತರ ಆಗಲೇ ಬಂದಿತ್ತು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಲೇಖನವನ್ನು ಕೈಬಿಟ್ಟಿದ್ದರು. ಅದಕ್ಕಿಂತ ಹೊಸದಾಗಿ ಸಿಕ್ಕ ಪ್ರಾಚೀನ ದಾಳಗಳೇ ಮುಖ್ಯವಾದ್ದರಿಂದ ಅವುಗಳ ಸ್ಪಷ್ಟ ಛಾಯಾಚಿತ್ರಗಳನ್ನು ಸೋಮವಾರದೊಳಗೆ ಕಳಿಸಬೇಕೆಂದು ಕೋರಿದ್ದರು.

ಯಜ್ಞನಾರಾಯಣರು ಅದನ್ನು ಗಟ್ಟಿಯಾಗಿ ಓದಿದರು. ಚಂಪಾ ದಾಳವನ್ನು ಬೆಳಕಿಗೆ ಹಿಡಿದು ನೋಡಿದಳು.

“ಇನ್ನೊಂದು ಕೋಟ್ ಹಚ್ಚಿಕೊಡ್ಲಾ ಸರ್? ಫೋಟೋದಲ್ಲಿ ಚೆನ್ನಾಗಿ ಬರುತ್ತೆ.”