ಪೇಕಿಂಗಿಗೆ ಹೋಗಿ ಹೊಳ್ಳಿ ಬಂದದ್ದು

ದೀಪ ಸಿಡಿಯಬಹುದಿತ್ತು. ಗಾಜಿನ ಚಿತ್ರಗಳು ಚಕ್ಕಡಿಯಲ್ಲೇ ಪುಡಿಯಾಗಬಹುದಿತ್ತು. ಪರದೆಗೆಂದು ಕಟ್ಟಿದ್ದ ನನ್ನ ಮದುವೆಯ ಧೋತರಕ್ಕೆ ಬೆಂಕಿ ಹತ್ತಬಹುದಿತ್ತು. ಹತ್ತದಿದ್ದರೆ ಅದರ ತೂತು ಚೀನಾ ದೇಶದ ಆಕಾಶದಲ್ಲಿ ಕಾಣಬಹುದಿತ್ತು. ನನ್ನದು ಹುಟ್ಟಾ ಹೆದರುವ ಜೀವ. ಬಿಸಿಲಲ್ಲೂ ಕೊಡೆ ಹಿಡಿಯುತ್ತೇನೆ, ಹಿಡಿದ ಮೇಲೆ ಅದು ಗಾಳಿಗೆ ಮಗುಚೀತೆಂದು ಚಿಂತಿಸುತ್ತೇನೆ.

ನಾನಾಗ ಹಿರೇಕೆರೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹೆಣ್ಣುಮಕ್ಕಳ ತರಗತಿಯಲ್ಲಿ ಮೂವರೇ ಇದ್ದರು; ಇನ್ನಿಬ್ಬರು ಸೇರದಿದ್ದರೆ ಮುಚ್ಚಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಗೌಡರ ತಾಯಿ ಬಸಮ್ಮನವರಿಗೆ ಸರಿಯಾಗಿ ಇಬ್ಬರು ಹೆಣ್ಣು ಮೊಮ್ಮಕ್ಕಳು. ಅವರು ಹೂಂ ಅನ್ನದೆ ಆ ಮನೆಯ ಎತ್ತು ಕೂಡ ಹೊಲಕ್ಕೆ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವವರಿಗೆ ಅಕ್ಷರವೇಕೆ ಎಂದು ಅವರ ವಾದ. ಓದಿದರೆ ಜಗತ್ತು ಎಷ್ಟು ದೊಡ್ಡದೆಂದು ತೋರಿಸಲು ಹಾನಗಲ್ಲಿನ ಗೆಳೆಯನಿಂದ, ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದಾಗಿ ಮೂಡಿಸುವ ದೀಪ, ಮ್ಯಾಜಿಕ್ ಲ್ಯಾಂಟರ್ನ್ ತರಿಸಿದೆ. ಅದರ ಜೊತೆಗೆ ಬಂದದ್ದು ಪೇಕಿಂಗ್ ಪಟ್ಟಣದ ಹನ್ನೆರಡು ಗಾಜಿನ ಚಿತ್ರ. ವಿವರದ ಹಾಳೆಯಲ್ಲಿ ಅರ್ಧ ಇಲಿಯ ಪಾಲಾಗಿತ್ತು. ಹರಿಹರದ ಆಚೆ ಕಾಲಿಡದ ನಾನು ಆ ಅರ್ಧವನ್ನು ಮನಸ್ಸಿನಿಂದ ತುಂಬಿಕೊಂಡೆ.

ಬಸಮ್ಮನವರನ್ನೂ ಮೊಮ್ಮಕ್ಕಳನ್ನೂ ಊರವರನ್ನೂ ಶಾಲೆಯಲ್ಲಿ ಕೂಡಿಸಿದ ಆ ಸಂಜೆಯ ಚಿಮಣಿ ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಏನೂ ಸಿಡಿಯಲಿಲ್ಲ, ಒಡೆಯಲಿಲ್ಲ. ಧೋತರದ ಮೇಲೆ ಪಟ್ಟಣದ ಅಗಸಿಬಾಗಿಲು ಮೂಡಿದಾಗ ಬಸಮ್ಮನವರು ಪರವೂರಿಗೆ ಕಾಲಿಟ್ಟವರಂತೆ ಸೆರಗು ಸರಿಮಾಡಿಕೊಂಡರು. ಪೇಟೆಬೀದಿ, ಕೆರೆ, ಕಲ್ಲಿನ ಸೇತುವೆ ದಾಟಿ, ಒಂದರ ಮೇಲೊಂದು ಮೂರು ಚಾವಣಿ ಹೊತ್ತ ದುಂಡನೆಯ ಕಟ್ಟಡಕ್ಕೆ ಬಂದೆವು. ಅರಸನ ಮನೆ ಎಂದೆ. ಇಷ್ಟು ದೊಡ್ಡ ಮನೆಗೆ ಅಡಿಗೆ ಎಲ್ಲಿ ಮಾಡುತ್ತಾರೆಂದು ಅವರು ಕೇಳಿದರು. ಅಲ್ಲೇ ಹಿತ್ತಲಲ್ಲಿ ಒಂದು ಅಡಿಗೆಮನೆ ಕಟ್ಟಿಸಿಕೊಟ್ಟೆ.

ಹನ್ನೆರಡನೆಯ ಚಿತ್ರ ಮುಗಿಯಿತು. ಯಾರೂ ಏಳಲಿಲ್ಲ.

"ಊರೊಳಗ ಕರ್ಕೊಂಡು ಬಂದು ನಡುವ ಬಿಟ್ರ ಹೆಂಗ್ರಿ, ಮಾಸ್ತರ?" ಎಂದರು ಬಸಮ್ಮನವರು. "ಹೊಳ್ಳಿ ಅಗಸಿ ಮಟಾ ಮುಟ್ಟಿಸ್ರಿ."

ನಮ್ಮ ಕಡೆ ಹೆಣ್ಣುಮಕ್ಕಳನ್ನು ಪರವೂರಿಗೆ ಕರೆದೊಯ್ದವನು ಮತ್ತೆ ಹೊಸ್ತಿಲ ತನಕ ತಂದು ಬಿಡುವುದು ರಿವಾಜು. ಇದೊಂದರ ಬಗ್ಗೆ ಮಾತ್ರ ನಾನು ಚಿಂತೆ ಮಾಡಿರಲಿಲ್ಲ. ಹನ್ನೆರಡರಿಂದ ಹಿಂದಕ್ಕೆ ಹೊರಟೆ. ಗಾಬರಿಯಲ್ಲಿ ಮೊದಲು ಹೇಳಿದ್ದೆಲ್ಲ ಮರೆತು, ದುಂಡನೆಯ ಕಟ್ಟಡ ಬಂದಾಗ ದೊಡ್ಡ ಗುಡಿ ಎಂದುಬಿಟ್ಟೆ.

"ಬರೂಮುಂದ ಅರಸನ ಮನಿ ಅಂದ್ರಿ. ನಾವು ಹೊಳ್ಳೂದ್ರಾಗ ಅರಸ ದೇವರಾಗಿಬಿಟ್ಟನೇನ್ರಿ?" ಎಂದರು ಬಸಮ್ಮನವರು.

ಇಡೀ ಶಾಲೆ ನಕ್ಕಿತು. ತರಗತಿಯ ಕಥೆ ಮುಗಿಯಿತೆಂದುಕೊಂಡೇ ಹೇಗೋ ಅಗಸಿ ಮುಟ್ಟಿಸಿದೆ. ಬಸಮ್ಮನವರು ಮೊಮ್ಮಕ್ಕಳ ಕೈ ಹಿಡಿದು ಎದ್ದರು.

"ನಾಳಿಂದ ಇವರನ್ನ ಕಳಸ್ತೇನಿ. ಯಾರರ ಒಬ್ರು ಓದಿ ಖರೇ ದಾರಿ ತಿಳ್ಕೋಬೇಕಲ್ರಿ. ನಿಮ್ಮನ್ನ ನಂಬಿದ್ರ ನಾವು ಅಲ್ಲೇ ಉಳೀತೇವಿ."

ಮರುದಿನ ಹಿರಿಯವಳು ಪಾಟಿ ಹಿಡಿದು ಬಂದವಳೇ ಅದು ಗುಡಿಯೋ ಮನೆಯೋ ಎಂದು ಕೇಳಿದಳು. ಮೊದಲು ಅಕ್ಷರ ಕಲಿ ಎಂದು ಗದರಿದೆ. ಕಲಿತಳು. ಈಗ ಸವಣೂರಿನ ಸೊಸೆ; ಕಂಡಾಗಲೆಲ್ಲ ಅದನ್ನೇ ಕೇಳುತ್ತಾಳೆ. ಸವಣೂರಿಗೆ ಹೋದರೆ ನಾನು ಅವಳ ಓಣಿ ತಪ್ಪಿಸಿ, ಊರೆಲ್ಲ ಸುತ್ತುಹಾಕಿ ನಡೆಯುತ್ತೇನೆ.